ಬೆವರಿಗೂ ಗಾಳಿಗೂ ನಡುವೆ ಒಂದು ಬಟ್ಟೆ

ಕೆಲವು ವರ್ಷಗಳ ಹಿಂದೆ, ಪುಷ್ಯಮಾಸದ ಒಂದು ಬೆಳಗಿನ ಜಾವ, ಬೆಂಗಳೂರಿನ ಸೈಕಲ್ ಸವಾರರನೇಕರು ರಜೆಯ ದಿನಗಳಲ್ಲಿ ಮಾಡುವಂತೆ ನಾನೂ ನಂದಿಬೆಟ್ಟವನ್ನು ಏರತೊಡಗಿದಾಗ, ನನ್ನ ಮೈಮೇಲೆ ಹೊಸದಾಗಿ ಕೊಂಡ ಜರ್ಕಿನ್ನೊಂದಿತ್ತು. "ಇದು ಪಕ್ಕಾ ವಾಟರ್‌ಪ್ರೂಫು ಸಾರ್, ಒಂದು ಹನಿ ಒಳಕ್ಕೆ ಬರಲ್ಲ" ಎಂದು ಅಂಗಡಿಯವರು ಅದನ್ನು ಕೊಡುವಾಗ ಹೇಳಿದ್ದರು. ಅವರು ಹೇಳಿದುದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ 1,478 ಮೀಟರ್ ಎತ್ತರದ ಆ ಬೆಟ್ಟದ ನೆತ್ತಿಯನ್ನು ಮುಟ್ಟಿ, ಸೈಕಲ್ಲನ್ನು ಕಲ್ಲುಗೋಡೆಗೆ ಒರಗಿಸಿ, ಮುಂಗೈಯ ಬಳಿ ತೋಳಿನ ಅಂಚನ್ನು ಸಡಿಲಿಸಿದಾಗ, ಒಳಗಿನಿಂದ ನೀರು ಸಣ್ಣ ಧಾರೆಯಾಗಿ ಮಣಿಕಟ್ಟಿನ ಮೇಲೆ ಇಳಿಯಿತು. ಅಂದು ಮಳೆಯಿರಲಿಲ್ಲ, ಮಂಜು ಕೂಡ ತೆಳುವಾಗಿತ್ತು. ಆ ನೀರೆಲ್ಲವೂ ನನ್ನದೇ ಬೆವರು. ಇಳಿಯುವಾಗ ಆ ತೊಯ್ದ ಒಳಂಗಿ ಮೈಗಂಟಿಕೊಂಡು ತಣ್ಣಗಾಗುತ್ತ ಬಂದು, ಮೂರನೆಯ ತಿರುವಿಗೆ ಬರುವಷ್ಟರಲ್ಲಿ ಬೆರಳುಗಳು ಬ್ರೇಕಿನ ಹಿಡಿಯನ್ನು ಹಿಡಿದಿವೆಯೋ ಇಲ್ಲವೋ ಎಂಬುದು ಕಣ್ಣಿಂದ ನೋಡಿದ ಹೊರತು ತಿಳಿಯದಂತಾಯಿತು. ನಮ್ಮ ನಂದಿಬೆಟ್ಟದಂಥ ಸೌಮ್ಯವಾದ ಸ್ಥಳದಲ್ಲಿಯೇ ಹೀಗಾದರೆ, ಹಿಮಾಲಯದ ಘಾಟಿಗಳಲ್ಲಿ ಆಗುವುದೇನು ಎಂಬ ಚಿಂತೆ ಅಂದು ಹುಟ್ಟಿತು. ಸೈಕಲ್ಲಿಗೂ ಬೆಟ್ಟಕ್ಕೂ ಒಗ್ಗತಕ್ಕ, ಇಂದು ಸಾಫ್ಟ್‌ಶೆಲ್ ಎಂಬ ಹೆಸರಿನಿಂದ ಮಾರಾಟವಾಗುತ್ತಿರುವ ಉಡುಪಿನ ವಿಷಯವನ್ನು ಆಮೂಲಾಗ್ರವಾಗಿ ವಿಚಾರಿಸಬೇಕೆಂಬ ಹಂಬಲಕ್ಕೂ ಅದೇ ಮೂಲವಾಯಿತು.

ವಿಚಾರವನ್ನು ಬಟ್ಟೆಯಿಂದ ಮೊದಲುಮಾಡದೆ ದೇಹದಿಂದ ಮೊದಲುಮಾಡುವುದು ಯುಕ್ತ. ಪೆಡಲು ತುಳಿಯುವವನ ಸ್ನಾಯುಗಳು ತಾವು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕರಲ್ಲೊಂದು ಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತವೆ. ಉಳಿದ ಮುಕ್ಕಾಲು ಪಾಲು ಶಾಖವಾಗಿ ದೇಹದಲ್ಲಿಯೇ ನಿಲ್ಲುತ್ತದೆ. ಏರುದಾರಿಯಲ್ಲಿ 200 ವಾಟ್‌ನಷ್ಟು ಬಲವನ್ನು ಒಂದೇ ಸಮನೆ ಹಾಕುವ ಸವಾರನ ಮೈ ಅದೇ ಹೊತ್ತಿನಲ್ಲಿ ಆರು-ಏಳು ನೂರು ವಾಟ್‌ನಷ್ಟು ಶಾಖವನ್ನು ಉತ್ಪಾದಿಸುತ್ತಿರುತ್ತದೆ, ಎಂದರೆ ಮನೆಯಲ್ಲಿ ನೀರು ಕಾಯಿಸುವ ಒಂದು ಸಣ್ಣ ವಿದ್ಯುತ್ ಒಲೆಗೆ ಸಮನಾಗಿರುತ್ತದೆ. ಈ ಶಾಖವನ್ನು ಹೊರದೂಡುವುದಕ್ಕೆ ಪ್ರಕೃತಿಯು ನಮಗೆ ಕೊಟ್ಟಿರುವ ಪ್ರಧಾನೋಪಾಯವೆಂದರೆ ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ಣವಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿಯಷ್ಟು ಶಾಖ ಅದರೊಡನೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿದರೆ, ಮೇಲೆ ಹೇಳಿದ ಸವಾರನು ಬೆವರೊಂದರಿಂದಲೇ ತಂಪಾಗಬೇಕಾದರೆ ಗಂಟೆಗೆ ಹೆಚ್ಚು ಕಡಿಮೆ ಒಂದು ಲೀಟರ್ ಬೆವರು ಆವಿಯಾಗಿ ಅಂಗಿಯ ಆಚೆಗೆ ದಾಟಬೇಕು. ಹಾಗೆ ದಾಟದೆ ನಿಂತ ಬೆವರು ಎರಡು ಬಗೆಯ ಕೆಡುಕನ್ನು ತರುತ್ತದೆ: ಏರುವಾಗ ತಂಪು ಮಾಡದೆ ಮೈಯನ್ನು ಬೇಯಿಸುತ್ತದೆ, ಇಳಿಯುವಾಗ, ನೀರು ಗಾಳಿಗಿಂತ ಸುಮಾರು 24 ಪಟ್ಟು ಹೆಚ್ಚಾಗಿ ಶಾಖವನ್ನು ಹಾಯಿಸುವ ವಸ್ತುವಾದುದರಿಂದ, ಮೈಯ ಕಾವನ್ನೆಲ್ಲ ಹೊರಕ್ಕೆ ಸೆಳೆದುಬಿಡುತ್ತದೆ. ಆದಕಾರಣ ಬೆಟ್ಟದ ಸವಾರನ ಅಂಗಿಯನ್ನು ಕುರಿತು ಮೊದಲು ಕೇಳಬೇಕಾದ ಪ್ರಶ್ನೆ, ಅದು ಮಳೆಯನ್ನು ಎಷ್ಟು ತಡೆಯುತ್ತದೆ ಎಂಬುದಲ್ಲ. ಬೆವರನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂಬುದು.

ಈ ಪ್ರಶ್ನೆ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಮಲೆನಾಡಿನ ಗದ್ದೆಯಲ್ಲಿ ಆಷಾಢದ ಮಳೆಗೆ ಮೈಯೊಡ್ಡಿ ದುಡಿಯುವ ರೈತನು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಬೆನ್ನಿಗೆ ಇಳಿಬಿಟ್ಟುಕೊಳ್ಳುತ್ತಿದ್ದುದನ್ನು ನೋಡಿದವರು ಈಗಲೂ ಅನೇಕರಿದ್ದಾರೆ. ಕುರುಬರು ನೇಯ್ದ ಆ ಒರಟು ಕಂಬಳಿಗೆ ಹುಣಸೆಬೀಜದ ಸರಿಯನ್ನು ಬಳಿದು ನೂಲನ್ನು ಬಿಗಿಗೊಳಿಸುವುದುಂಟು. ಉಣ್ಣೆಯಾದರೋ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಎಳೆಗಳ ಒಳಗೆ ಹೀರಿಕೊಂಡರೂ ಮುಟ್ಟುವವರಿಗೆ ಒದ್ದೆಯೆನಿಸದು. ಕೊಪ್ಪೆ ಹೊದ್ದವನು ಕೊಂಚ ತೊಯ್ಯುತ್ತಾನೆ, ಆದರೆ ಚಳಿ ಹಿಡಿಯುವುದಿಲ್ಲ. ಬೆವರುತ್ತಾನೆ, ಆದರೆ ಬೇಯುವುದಿಲ್ಲ. ಕೊಂಚ ತೊಯ್ದರೂ ಬೆಚ್ಚಗಿರಬೇಕು ಎಂಬ ಈ ತತ್ತ್ವವೇ ಸಾಫ್ಟ್‌ಶೆಲ್ಲಿನ ಮೂಲತತ್ತ್ವವೆಂದು ನಾನು ತಿಳಿದಿದ್ದೇನೆ. ಚಿತ್ರದುರ್ಗದ ಕಡೆಯ ಮಗ್ಗದವರಿಗೂ ಯೂರೋಪಿನ ಗಿರಣಿಗಳವರಿಗೂ ಪರಸ್ಪರ ಪರಿಚಯವಿದ್ದಿತೆಂದು ಇದರ ಅರ್ಥವಲ್ಲ; ಒಂದೇ ಕಷ್ಟವನ್ನು ಅನುಭವಿಸಿದ ಎರಡು ಜನಾಂಗಗಳು ಒಂದೇ ಉತ್ತರದ ಸಮೀಪಕ್ಕೆ ಬಂದವೆಂದು ಅರ್ಥ.

ಪಶ್ಚಿಮದಲ್ಲಿ ಇದರ ಚರಿತ್ರೆ ದೀರ್ಘವಾದುದು. ಇಂಗ್ಲೆಂಡಿನ ಥಾಮಸ್ ಬರ್ಬರಿಯವರು 1879ರಲ್ಲಿ, ನೂಲನ್ನು ಮೊದಲೇ ನೀರು ಹಿಡಿಯದಂತೆ ಸಂಸ್ಕರಿಸಿ ಆಮೇಲೆ ಒತ್ತಾಗಿ ನೇಯುವ ಕ್ರಮದಿಂದ ಗ್ಯಾಬರ್ಡೀನ್ ಎಂಬ ಬಟ್ಟೆಯನ್ನು ನಿರ್ಮಿಸಿದರು. ಅದಕ್ಕೆ ಮುಂಚೆ ಮಳೆಯಂಗಿಯೆಂದರೆ ಬಹುಮಟ್ಟಿಗೆ ರಬ್ಬರು ಬಳಿದ, ಗಾಳಿಯಾಡದ ಬಟ್ಟೆಯೇ ಆಗಿತ್ತು. 1924ರಲ್ಲಿ ಎವರೆಸ್ಟಿನ ಮೇಲೆ ಕಣ್ಮರೆಯಾದ ಜಾರ್ಜ್ ಮ್ಯಾಲರಿಯವರು ರೇಷ್ಮೆ, ಹತ್ತಿ, ಉಣ್ಣೆಗಳ ತೆಳುಪದರಗಳ ಮೇಲೆ ತೊಟ್ಟಿದ್ದುದು ಇದೇ ಗ್ಯಾಬರ್ಡೀನನ್ನು. 1999ರಲ್ಲಿ ಅವರ ದೇಹ ದೊರೆತ ಮೇಲೆ, ಉಳಿದ ಬಟ್ಟೆಯ ಚೂರುಗಳನ್ನು ಪರೀಕ್ಷಿಸಿ ಅವುಗಳಂತೆಯೇ ಮರಳಿ ನೇಯಿಸಿದ ಉಡುಪನ್ನು 2006ರಲ್ಲಿ ಗ್ರಹಾಂ ಹೊಯ್ಲಾಂಡ್ ಎಂಬುವರು ಎವರೆಸ್ಟಿನಲ್ಲಿ ತೊಟ್ಟು ನೋಡಿ, ಅದು ಹಗುರವೂ ಬೆಚ್ಚಗೂ ಇದೆಯೆಂದು ಕಂಡುಕೊಂಡರು. ಆ ಕಾಲದವರು ಕೋಟು ಧರಿಸಿ ವಿಹಾರಕ್ಕೆ ಹೊರಟವರಂತೆ ಅಜ್ಞಾನದಿಂದ ಪರ್ವತಕ್ಕೆ ಹೋದರೆಂಬ ಅಪವಾದ ಅಂದಿಗೆ ಬಹುಮಟ್ಟಿಗೆ ನಿವಾರಣೆಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮ್ಯಾಂಚೆಸ್ಟರಿನ ಷರ್ಲಿ ಸಂಶೋಧನಾಲಯವು, ತಣ್ಣೀರಿನ ಸಮುದ್ರಕ್ಕೆ ಬೀಳುವ ವಿಮಾನಚಾಲಕರ ಪ್ರಾಣರಕ್ಷಣೆಗಾಗಿ, ನೀಳವಾದ ಎಳೆಯ ಹತ್ತಿಯಿಂದ ವೆಂಟೈಲ್ ಎಂಬ ಬಟ್ಟೆಯನ್ನು ತಯಾರಿಸಿತು. ಒಣಗಿದ್ದಾಗ ಅದು ಆವಿಯನ್ನು ಬಿಡುತ್ತದೆ, ನೆನೆದಾಗ ಎಳೆಗಳು ತಾವೇ ಉಬ್ಬಿ ಹಾಸುಹೊಕ್ಕುಗಳ ನಡುವಣ ಸಂದುಗಳನ್ನು ಮುಚ್ಚಿಕೊಳ್ಳುತ್ತವೆ.

ಬಳಿಕ 1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಎಂಬುವರು, ಕಾಯಿಸಿದ ಟೆಫ್ಲಾನ್ ಸಲಾಕೆಯನ್ನು ನಿಧಾನವಾಗಿ ಎಳೆದು ಎಳೆದು ಸೋತು, ಕೊನೆಗೊಮ್ಮೆ ರಭಸದಿಂದ ಜಗ್ಗಿದಾಗ, ಅದು ತುಂಡಾಗದೆ ಹಲವು ಪಟ್ಟು ಹಿಗ್ಗಿ, ಅತಿಸೂಕ್ಷ್ಮ ರಂಧ್ರಗಳಿಂದ ತುಂಬಿದ ಪೊರೆಯಾಗಬಲ್ಲ ವಸ್ತುವಾಯಿತು. ನೀರಿನ ಹನಿಯನ್ನು ತಡೆದು ನೀರಿನ ಆವಿಯನ್ನು ಬಿಡುವ ಆ ಪೊರೆಯ ಬಟ್ಟೆ 1976ರಲ್ಲಿ ಗೋರ್‌ಟೆಕ್ಸ್ ಎಂಬ ಹೆಸರಿನಿಂದ ಪೇಟೆಗೆ ಬಂದಿತು. ಪರ್ವತಾರೋಹಿಗಳ ಕಷ್ಟವೆಲ್ಲ ಅಲ್ಲಿಗೆ ತೀರಿತೆಂದು ಬಹುಜನ ಭಾವಿಸಿದರು. ಪೊರೆಯ ಮಹಿಮೆಯನ್ನು ನಾನು ಕಡಮೆ ಮಾಡಿ ಹೇಳುತ್ತಿಲ್ಲ. ಧಾರಾಕಾರವಾದ ಮಳೆಯಲ್ಲಿ ಬೀಡುಬಿಟ್ಟವನಿಗೆ ಅದಕ್ಕೆ ಸಮನಾದುದು ಬೇರೊಂದಿಲ್ಲ. ಆದರೆ ಮೈಮುರಿದು ದುಡಿಯುವವನ ಬೆವರು ಆ ಪೊರೆಯ ಶಕ್ತಿಯನ್ನು ಮೀರಿಯೇ ಹರಿಯುತ್ತದೆಂಬುದು ಕೆಲವೇ ವರ್ಷಗಳಲ್ಲಿ ತೊಟ್ಟವರೆಲ್ಲರ ಅನುಭವಕ್ಕೆ ಬಂದಿತು.

ಪೊರೆಯಿಲ್ಲದ ಬೇರೊಂದು ದಾರಿಯನ್ನು ಹಿಡಿದವರಲ್ಲಿ ಮೊದಲು ನೆನೆಯಬೇಕಾದವರು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬಫಲೋ ಎಂಬ ಉಡುಪನ್ನು ಹೊಲಿದ ಹೇಮಿಷ್ ಹ್ಯಾಮಿಲ್ಟನ್ನರು. ಒಳಗೆ ಜೂಲಿನಂಥ ಕೃತಕ ರೋಮದ ಬಟ್ಟೆ, ಹೊರಗೆ ಪರ್ಟೆಕ್ಸ್ ಎಂಬ ತೆಳ್ಳನೆಯ ಒತ್ತುನೇಯ್ಗೆಯ ನೈಲಾನ್. ಇಷ್ಟೇ ಅದರ ರಚನೆ. ಅದನ್ನು ಬರಿಮೈಗೆ ತೊಟ್ಟರೆ ರೋಮದ ಬಟ್ಟೆ ಬೆವರನ್ನು ಹೀರಿ ಹೊರಪದರಕ್ಕೆ ಸಾಗಿಸುತ್ತದೆ, ಹೊರಪದರ ಅದನ್ನು ಅಗಲವಾಗಿ ಹರಡಿ ಗಾಳಿಗೆ ಒಪ್ಪಿಸುತ್ತದೆ. ಅತ್ತ 1868ರಲ್ಲಿ ಹುಟ್ಟಿದ, ಸ್ವಿಟ್ಜರ್ಲೆಂಡಿನ ಸೆವೆಲೆನ್ನಿನ ಶೋಲರ್ ಗಿರಣಿಯು, ಹೊರಮೈ ಬಿಗಿಯಾಗಿಯೂ ಒಳಮೈ ಸಡಿಲವಾಗಿಯೂ ಇರುವಂತೆ ಜೋಡಿ ನೇಯ್ಗೆಯ, ಹಿಗ್ಗಿ ಕುಗ್ಗುವ ಬಟ್ಟೆಗಳನ್ನು ನೇಯುತ್ತಿತ್ತು. ಈ ಹಿಗ್ಗುವ ಗುಣಕ್ಕೆ ಕಾರಣವಾದ ಸ್ಪಾಂಡೆಕ್ಸ್ ನೂಲನ್ನು ಡುಪಾಂಟ್ ಸಂಸ್ಥೆಯ ಜೋಸೆಫ್ ಶಿವರ್ಸ್ ಎಂಬುವರು 1958ರಲ್ಲಿಯೇ ಕಂಡುಹಿಡಿದಿದ್ದರು. 1997ರಲ್ಲಿ ಅಮೆರಿಕದ ಜಾಕ್ಸನ್ ಹೋಲ್‌ನಲ್ಲಿ ಆರಂಭವಾದ ಕ್ಲೌಡ್‌ವೇಲ್ ಎಂಬ ಕಂಪನಿ ಶೋಲರ್ ಬಟ್ಟೆಯಿಂದ ಹೊಲಿದ ಜರ್ಕಿನ್ನು, ಮ್ಯಾಸಚೂಸೆಟ್ಸಿನ ಮಾಲ್ಡನ್ ಮಿಲ್ಸ್ ಹೊರತಂದ ಪವರ್‌ಶೀಲ್ಡ್ ಎಂಬ ಬಟ್ಟೆ, 1999ರಲ್ಲಿ ಪ್ರಕಟವಾದ ಮಾರ್ಕ್ ಟ್ವೈಟರ ಪರ್ವತಾರೋಹಣ ಗ್ರಂಥ, ಇವೆಲ್ಲ ಸೇರಿ ಆ ಕಾಲಕ್ಕೆ ಒಂದು ಹೊಸ ಅಭಿಪ್ರಾಯವನ್ನು ರೂಢಿಗೆ ತಂದವು: ದಿನವಿಡೀ ಮೈಮೇಲಿರತಕ್ಕ ಅಂಗಿ ಮೆತ್ತಗೆ, ಹಿಗ್ಗುವಂತೆ, ಆವಿಯನ್ನು ಧಾರಾಳವಾಗಿ ಬಿಡುವಂತೆ ಇರಲಿ, ಜಡಿಮಳೆಗೆಂದೇ ಇರುವ ಗಟ್ಟಿಯಂಗಿ ಚೀಲದಲ್ಲಿರಲಿ. ಗಟ್ಟಿ ಚಿಪ್ಪಿಗೆ ಎದುರಾಗಿ ಮೆತ್ತನೆಯ ಚಿಪ್ಪು ಎಂಬರ್ಥದ ಹೆಸರು ಬಂದುದು ಹೀಗೆ.

ದುರದೃಷ್ಟವಶಾತ್ ಆ ಹೆಸರಿನ ಅರ್ಥ ಈಗ ಬಹಳ ಸಡಿಲಗೊಂಡಿದೆ. ಅಂಗಡಿಯ ಒಂದೇ ಸಾಲಿನಲ್ಲಿ ಒಂದೇ ಹೆಸರಿನಿಂದ ತೂಗುಹಾಕಿರುವ ಜರ್ಕಿನ್ನುಗಳಲ್ಲಿ ಮೂರು ಭಿನ್ನ ಜಾತಿಗಳಿವೆ. ಒಂದನೆಯದು ಪೊರೆಯಿಲ್ಲದೆ ಕೇವಲ ನೇಯ್ಗೆಯ ಬಿಗಿಯಿಂದಲೇ ಗಾಳಿಯನ್ನು ಅರ್ಧಂಬರ್ಧ ತಡೆಯುವುದು. ಎರಡನೆಯದು ಎರಡು ಬಟ್ಟೆಗಳ ನಡುವೆ ವಿಂಡ್‌ಸ್ಟಾಪರಿನಂಥ ಪೊರೆಯನ್ನು ಅಂಟಿಸಿ ಗಾಳಿಯನ್ನು ಪೂರ್ಣವಾಗಿ ತಡೆಯುವುದು. ಸೈಕಲ್ ಅಂಗಡಿಗಳಲ್ಲಿ ಚಳಿಗಾಲದ ಜರ್ಕಿನ್ ಎಂದು ಕೊಡುವುದು ಬಹುತೇಕ ಇದನ್ನೇ. ಮೂರನೆಯದು 2010ರ ಈಚೆಗೆ ಬಂದ ನಿಯೋಶೆಲ್‌ನಂಥದು. ಅದರಲ್ಲಿ ಪೊರೆಯಿದ್ದರೂ ಕೂದಲೆಳೆಗಿಂತ ಎಷ್ಟೋ ಸಣ್ಣದಾದ ತಂತುಗಳಿಂದ ಹೆಣೆದುದಾದ್ದರಿಂದ ಅತ್ಯಲ್ಪ ಗಾಳಿ ಸದಾ ಆಡುತ್ತಿರುತ್ತದೆ. ಇವಲ್ಲದೆ, ಅಗ್ಗದ ಬೆಲೆಗೆ ಸಿಗುವ, ದಪ್ಪ ಬಟ್ಟೆಯ ಬೆನ್ನಿಗೆ ಪ್ಲಾಸ್ಟಿಕ್ಕಿನ ಹಾಳೆಯನ್ನು ಅಂಟಿಸಿದ ಜರ್ಕಿನ್ನುಗಳೂ ಅದೇ ಹೆಸರನ್ನು ಹೊತ್ತಿವೆ. ನನ್ನ ನಂದಿಬೆಟ್ಟದ ಜರ್ಕಿನ್ನು ಆ ಕೊನೆಯ ಬಗೆಯದು.

ಇವುಗಳನ್ನು ಬೇರ್ಪಡಿಸಿ ತಿಳಿಯುವುದಕ್ಕೆ ಚೀಟಿಯ ಮೇಲಿನ ಅಂಕಿಗಳು ಸ್ವಲ್ಪಮಟ್ಟಿಗೆ ನೆರವಾಗುತ್ತವೆ; ಆದರೆ ಯಾವ ಅಂಕಿ ಯಾವುದನ್ನು ಅಳೆಯುತ್ತದೆಂಬುದನ್ನು ತಿಳಿಯದೆ ನಂಬಿದವನು ಮೋಸಹೋಗುತ್ತಾನೆ. ಮಿಲಿಮೀಟರುಗಳಲ್ಲಿ ಬರೆದಿರುವ 5,000, 10,000, 20,000 ಎಂಬ ದೊಡ್ಡ ಸಂಖ್ಯೆಗಳು ಬಟ್ಟೆಯ ಮೇಲೆ ನಿಲ್ಲಿಸಿದ ನೀರಿನ ಕಂಬ ಎಷ್ಟೆತ್ತರವಾದಾಗ ನೀರು ಒಳಕ್ಕೆ ಒಸರಿತು ಎಂಬುದನ್ನು ಹೇಳುತ್ತವೆ. ಬೆವರಿನ ವಿಷಯದಲ್ಲಿ ಅವು ಏನನ್ನೂ ಹೇಳುವುದಿಲ್ಲ. ಬೆವರಿನ ವಿಷಯಕ್ಕೆ ಇರುವ ಉತ್ತಮ ಅಳತೆಯೆಂದರೆ ಐಎಸ್‌ಒ 11092 ಎಂಬ ಅಂತರರಾಷ್ಟ್ರೀಯ ಕ್ರಮದಿಂದ ಕಂಡುಹಿಡಿಯುವ ಆರ್‌ಇಟಿ ಸಂಖ್ಯೆ. ಮನುಷ್ಯನ ಚರ್ಮದಂತೆ ಬಿಸಿಯಾಗಿ ಒಸರುವ ಲೋಹದ ಫಲಕವೊಂದರ ಮೇಲೆ ಬಟ್ಟೆಯನ್ನು ಹಾಸಿ, ಆವಿ ಹಾದುಹೋಗುವುದಕ್ಕೆ ಅದು ಒಡ್ಡುವ ಅಡ್ಡಿಯನ್ನು ಅಳೆಯುತ್ತಾರೆ. ಅಡ್ಡಿಯ ಅಳತೆಯಾದುದರಿಂದ ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು. ಆರಕ್ಕಿಂತ ಕಡಮೆಯಿದ್ದರೆ ಬಹಳ ಉತ್ತಮ, ಹದಿಮೂರರವರೆಗೆ ಸಾಧಾರಣ ದುಡಿಮೆಗೆ ಸಾಕು, ಇಪ್ಪತ್ತನ್ನು ಮೀರಿದರೆ ಏರುದಾರಿಯ ಸವಾರನಿಗೆ ಅದು ವರ್ಜ್ಯ. ಇನ್ನೊಂದು ಅಳತೆ ಗಾಳಿಯದು: ಒಂದು ಚದರ ಅಡಿ ಬಟ್ಟೆಯ ಮೂಲಕ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹಾಯುತ್ತದೆ ಎಂಬುದು. ಪೊರೆಯುಳ್ಳ ಬಟ್ಟೆಯಲ್ಲಿ ಅದು ಸೊನ್ನೆ ಅಥವಾ ಒಂದರ ಒಳಗೆ; ಸಾಧಾರಣ ಫ್ಲೀಸ್ ಬಟ್ಟೆಯಲ್ಲಿ ನೂರಕ್ಕೂ ಮೇಲೆ. ನಮಗೆ ಬೇಕಾದ ಪೊರೆಯಿಲ್ಲದ ಸಾಫ್ಟ್‌ಶೆಲ್ ಇವೆರಡರ ನಡುವೆ, ಐದರಿಂದ ಮೂವತ್ತರ ಆಸುಪಾಸಿನಲ್ಲಿ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಅದನ್ನು ಮಾರುವವರು ಹೇಳುವುದೇ ಇಲ್ಲವಾದುದರಿಂದ ತುಸು ವಿಸ್ತರಿಸುತ್ತೇನೆ. ಪೊರೆಯ ಮೂಲಕ ಆವಿ ತಾನಾಗಿ ಹೊರಡುವುದಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಅಷ್ಟರ ಮಟ್ಟಿಗೆ ತಳ್ಳಲ್ಪಟ್ಟು ಹೊರಡುತ್ತದೆ. ಬೆವರಿನಿಂದ ತೊಯ್ದ 35 ಡಿಗ್ರಿಯ ಚರ್ಮದ ಬಳಿ ಆ ಒತ್ತಡ ಸುಮಾರು 5.6 ಕಿಲೋಪಾಸ್ಕಲ್. ಮಳೆಗಾಲದ ಆಗುಂಬೆಯಲ್ಲಿ, 22 ಡಿಗ್ರಿಯ ಗಾಳಿ ತೇವದಿಂದ ಪೂರ್ಣ ತುಂಬಿರುವಾಗ, ಹೊರಗಿನ ಒತ್ತಡವೇ 2.6 ಇರುತ್ತದೆ, ತಳ್ಳುವುದಕ್ಕೆ ಉಳಿಯುವುದು ಮೂರು ಮಾತ್ರ. ಲಡಾಖಿನ ಒಣಗಾಳಿಯಲ್ಲಿ, 5 ಡಿಗ್ರಿಯ ಚಳಿಯಲ್ಲಿ, ಹೊರಗಿನ ಒತ್ತಡ 0.3ನ್ನೂ ಮುಟ್ಟದೆ ಇರಬಹುದಾದುದರಿಂದ ತಳ್ಳುವ ಬಲ ಐದನ್ನು ಮೀರುತ್ತದೆ. ಅದೇ ಜರ್ಕಿನ್ನು, ಅದೇ ಚೀಟಿ, ಅದೇ ಅಂಕಿ. ಲೇಹ್‌ನಲ್ಲಿ ಉಸಿರಾಡಿದಂತೆ ಆಗುಂಬೆಯಲ್ಲಿ ಉಸಿರಾಡದು. ಯೂರೋಪಿನವರು ಮೆಚ್ಚಿದ ಪೊರೆಯ ಜರ್ಕಿನ್ನನ್ನು ನಮ್ಮ ಘಟ್ಟದ ಮಳೆಯಲ್ಲಿ ತೊಟ್ಟವನು ಕಂಪನಿಯನ್ನು ಶಪಿಸುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಚಳಿದೇಶದಲ್ಲಿಯೂ ಪೊರೆಗೆ ತೊಡಕಿಲ್ಲದೆ ಇಲ್ಲ: ಹೊರಬಟ್ಟೆ ತೀರ ತಣ್ಣಗಾದಾಗ ಆವಿ ಅದನ್ನು ದಾಟುವ ಮೊದಲೇ ಒಳಮೈಯಲ್ಲಿ ಹನಿಗಟ್ಟಿಬಿಡುತ್ತದೆ. ಗಾಳಿಯಾಡುವ ಬಟ್ಟೆಯಲ್ಲಾದರೋ ಆವಿ ಒತ್ತಡದ ವ್ಯತ್ಯಾಸವೊಂದನ್ನೇ ಕಾಯುವುದಿಲ್ಲ. ತೋಳು ಬೀಸಿದಾಗ, ಮೈ ತಿರುಗಿದಾಗ, ಗಾಳಿ ಹೊಡೆದಾಗ, ಅದರೊಡನೆ ಸಾಗಿಬಿಡುತ್ತದೆ. ಆದುದರಿಂದ ಬೆಟ್ಟದಲ್ಲಿ ದುಡಿಯುವವನಿಗೆ ಗಾಳಿಯ ಅಳತೆಯೇ ಹೆಚ್ಚು ಮುಖ್ಯವೆಂದು ನನ್ನ ಖಚಿತವಾದ ಅಭಿಪ್ರಾಯ.

ಆದರೆ ಸೈಕಲ್ಲಿನವನು ಇದಕ್ಕೆ ಆಕ್ಷೇಪವೆತ್ತುತ್ತಾನೆ, ಮತ್ತು ಅವನ ಆಕ್ಷೇಪ ನ್ಯಾಯವಾದುದು. ಕಾಲ್ನಡಿಗೆಯವನಿಗೆ ಏರಿಗೂ ಇಳಿತಕ್ಕೂ ವೇಗದಲ್ಲಿ ಮಹತ್ತರ ಭೇದವಿಲ್ಲ. ಸೈಕಲ್ಲಿನವನು ಗಂಟೆಗೆ ಎಂಟು ಕಿಲೋಮೀಟರಿನಂತೆ ಬೆವರಿಳಿಸುತ್ತ ಏರಿದ ದಾರಿಯಲ್ಲಿಯೇ, ಒಂದು ಪೆಡಲನ್ನೂ ತುಳಿಯದೆ, ನಲವತ್ತು ಕಿಲೋಮೀಟರಿನಂತೆ ಇಳಿಯುತ್ತಾನೆ. ಗಾಳಿಯ ಚಳಿಯನ್ನು ಲೆಕ್ಕಹಾಕುವ ಈಗಿನ ಸೂತ್ರದ ಪ್ರಕಾರ, 5 ಡಿಗ್ರಿಯ ಹವೆಯಲ್ಲಿ ನಲವತ್ತು ಕಿಲೋಮೀಟರ್ ವೇಗದ ಗಾಳಿ ಬರಿಯ ಚರ್ಮಕ್ಕೆ ಸೊನ್ನೆಗಿಂತ ಕೆಳಗಿನ ಚಳಿಯಾಗಿ ತಾಗುತ್ತದೆ. 1988ರ ಜೂನ್ 5ರಂದು ಇಟಲಿಯ ಜೀರೋ ಎಂಬ ಸೈಕಲ್ ಪಂದ್ಯ 2,600 ಮೀಟರಿಗೂ ಎತ್ತರದ ಗಾವಿಯಾ ಘಾಟಿಯನ್ನು ಹಿಮಪಾತದ ನಡುವೆ ದಾಟಿದಾಗ ನಡೆದುದು ಈ ವಿಷಯದಲ್ಲಿ ಎಂದಿಗೂ ಮರೆಯಲಾಗದ ದೃಷ್ಟಾಂತ. ನೆತ್ತಿಯನ್ನು ಎಲ್ಲರಿಗಿಂತ ಮೊದಲು ಮುಟ್ಟಿದವನು ಡಚ್ಚರ ಯೋಹಾನ್ ವಾನ್ ಡೆರ್ ವೆಲ್ಡ. ಮೈಮೇಲೆ ಅರೆತೋಳಿನ ಜರ್ಸಿ. ಏರುವವರೆಗೆ ಅವನ ಮೈಯ ಕಾವು ಅವನನ್ನು ಕಾಯಿತು. ಬೊರ್ಮಿಯೊ ಊರಿಗೆ ಸುಮಾರು 25 ಕಿಲೋಮೀಟರಿನ ಇಳಿಜಾರು ಮೊದಲಾದೊಡನೆ ಆ ಕಾವು ಆರಿತು. ಅವನು ದಾರಿಯಲ್ಲಿ ನಿಂತು, ಗಾಡಿಯೊಂದರಲ್ಲಿ ಆಶ್ರಯ ಪಡೆದು, ಗುರಿ ಮುಟ್ಟುವಾಗ ಮುಂದಿನವರಿಗಿಂತ ಮುಕ್ಕಾಲು ಗಂಟೆಯಷ್ಟು ಹಿಂದಾಗಿದ್ದನು. ಅಮೆರಿಕದ ಆಂಡಿ ಹ್ಯಾಂಪ್‌ಸ್ಟೆನ್‌ನ ತಂಡದವರು ಅಂದು ಬೆಳಗ್ಗೆಯೇ ಬೆಚ್ಚನೆಯ ಉಡುಪನ್ನು ಕೊಂಡು ನೆತ್ತಿಯ ಬಳಿ ಒದಗಿಸುವ ಏರ್ಪಾಡು ಮಾಡಿದ್ದರು; ಅವನು ಅಂದು ಪಂದ್ಯದಲ್ಲಿ ಮುಂದಿರುವವನಿಗೆ ಸಲ್ಲುವ ಗುಲಾಬಿ ಬಣ್ಣದ ಜರ್ಸಿಯನ್ನು ಪಡೆದು, ಕೊನೆಗೆ ಇಡೀ ಪಂದ್ಯವನ್ನೇ ಗೆದ್ದನು. ಕಾಲಿನ ಬಲದಷ್ಟೇ ಬಟ್ಟೆಯ ವಿವೇಕವೂ ಅಂದಿನ ಫಲವನ್ನು ನಿರ್ಣಯಿಸಿತೆಂದರೆ ಅತಿಶಯೋಕ್ತಿಯಾಗದು.

ಇಪ್ಪತ್ತೈದು ವರ್ಷಗಳ ಬಳಿಕ, 2013ರ ಮಾರ್ಚಿನ ಮಿಲಾನ್-ಸ್ಯಾನ್‌ರೆಮೊ ಪಂದ್ಯವೂ ಹಿಮದಲ್ಲಿಯೇ ನಡೆಯಿತು. ಟುರ್ಕಿನೊ ಘಾಟಿಯನ್ನು ಬಿಟ್ಟು ಸವಾರರನ್ನು ಬಸ್ಸುಗಳಲ್ಲಿ ಸಾಗಿಸಬೇಕಾಯಿತು. ಅಂದು ಕಾಸ್ಟೆಲ್ಲಿ ಕಂಪನಿಯ ಗಾಬ್ಬಾ ಎಂಬ, ಮೈಗೆ ಒತ್ತಿ ಕೂಡುವ, ತೆಳು ಪೊರೆಯ ಮೆತ್ತನೆಯ ಜರ್ಸಿಯನ್ನು, ಬೇರೆ ಕಂಪನಿಗಳ ಉಡುಪನ್ನೇ ತೊಡಬೇಕಾಗಿದ್ದ ತಂಡಗಳವರು ಕೂಡ ಅದರ ಗುರುತಿಗೆ ಮಸಿ ಬಳಿದು ತೊಟ್ಟರು. ಅಲ್ಲಿಂದ ಮುಂದೆ ಸೈಕಲ್ ಸವಾರನ ಸಾಫ್ಟ್‌ಶೆಲ್ಲಿಗೆ ಒಂದು ನಿಶ್ಚಿತ ರೂಪ ಬಂದಿತು. ಎದೆ, ಭುಜ, ತೋಳಿನ ಮುಂಭಾಗಗಳಲ್ಲಿ ಗಾಳಿ ತಡೆಯುವ ಬಟ್ಟೆ, ಬೆನ್ನಿಗೂ ಕಂಕುಳಿಗೂ ಗಾಳಿಯಾಡುವ ತೆಳುನೇಯ್ಗೆ ಎಂಬ ಮಿಶ್ರರಚನೆ ಅದರ ಸಾರ. ಸವಾರನಿಗೆ ಗಾಳಿ ಬಹುಮಟ್ಟಿಗೆ ಎದುರಿನಿಂದಲೇ ಬರುವುದರಿಂದ ಇದು ಬಹಳ ವಿವೇಕದ ಹಂಚಿಕೆ.

ಆದರೆ ಬೆನ್ನುಚೀಲ ಹೊತ್ತು ಬೆಟ್ಟ ಹತ್ತುವವನಿಗೆ ಇದೇ ರಚನೆ ತಲೆಕೆಳಗಾಗುತ್ತದೆ. ಅವನಿಗೆ ಗಾಳಿ ಎತ್ತಣಿಂದಲಾದರೂ ಬರಬಹುದು. ತೆಳುನೇಯ್ಗೆಯ ಬೆನ್ನನ್ನು ಚೀಲದ ಪಟ್ಟಿಗಳು ಕೆಲವೇ ದಿನಗಳಲ್ಲಿ ಉಜ್ಜಿ ಜಾಳಾಗಿಸುತ್ತವೆ. ಸೈಕಲ್ ಅಂಗಿಯ ಹಿಂಭಾಗದ ಮೂರು ಜೇಬುಗಳು ಚೀಲದ ಕೆಳಗೆ ಸಿಕ್ಕಿ ಕೈಗೆಟುಕದಾಗುತ್ತವೆ. ಸವಾರನು ಹ್ಯಾಂಡಲಿನ ಮೇಲೆ ಬಾಗುವನೆಂದು ಮುಂದೆ ಗಿಡ್ಡ ಹಿಂದೆ ಉದ್ದ ಮಾಡಿ ಹೊಲಿದ ಅಂಗಿ, ನೆಟ್ಟಗೆ ನಿಂತು ನಡೆಯುವವನ ಹೊಟ್ಟೆಯನ್ನು ಮುಚ್ಚದು. ಎರಡು ಕೆಲಸಕ್ಕೂ ಒಂದೇ ಅಂಗಿಯನ್ನು ಬಯಸುವವನು ಬೆಟ್ಟದ ಅಂಗಿಯನ್ನೇ ಆರಿಸಿ, ಸೈಕಲ್ಲಿಗೆ ಒಗ್ಗುವ ನಾಲ್ಕು ಲಕ್ಷಣಗಳನ್ನು ಅದರಲ್ಲಿ ಹುಡುಕುವುದು ಲೇಸು: ಕೈಗಳನ್ನು ಮುಂದೆ ಚಾಚಿದಾಗಲೂ ಮಣಿಕಟ್ಟನ್ನು ಮುಚ್ಚುವ ಉದ್ದದ ತೋಳು, ಬಾಗಿದಾಗ ಸೊಂಟವನ್ನು ಬಿಡದ ಬೆನ್ನು, ಕೆಳಗಿನಿಂದಲೂ ಮೇಲಿನಿಂದಲೂ ತೆರೆಯುವ ಜಿಪ್ಪು, ಹೆಲ್ಮೆಟ್ಟಿನ ಅಡಿಯಲ್ಲಿ ಮಡಿಕೆಯಾಗದೆ ಕೂಡುವ ತೆಳುವಾದ ಹುಡ್. ದಪ್ಪನೆಯ ಹುಡ್ ಸೈಕಲ್ಲಿನಲ್ಲಿ ಗಾಳಿಗೆ ಉಬ್ಬಿ ಹಿಂದಕ್ಕೆಳೆಯುತ್ತದೆ, ಪಕ್ಕದ ವಾಹನವನ್ನೂ ಮರೆಮಾಡುತ್ತದೆ. ಅಂಥದಕ್ಕಿಂತ ಹುಡ್ ಇಲ್ಲದಿರುವುದೇ ಮೇಲು.

ಬಟ್ಟೆಯ ಹೊರಮೈಗೆ ಬಳಿಯುವ ನೀರ್ನಿರೋಧಕ ಲೇಪದ ಮಾತು ಬಹಳ ಬೆಳೆಯಬಲ್ಲುದಾದರೂ ಇಲ್ಲಿ ಅವಶ್ಯವಾದಷ್ಟನ್ನು ಮಾತ್ರ ಹೇಳುತ್ತೇನೆ. ಹನಿಗಳು ಕೆಸುವಿನೆಲೆಯ ಮೇಲೆ ಹೇಗೋ ಹಾಗೆ ಉರುಳಿಹೋಗುವುದು ಈ ಲೇಪದ ಗುಣದಿಂದ. ಹಿಂದೆ ಬಳಸುತ್ತಿದ್ದ ಫ್ಲೂರಿನ್ ಸಂಯುಕ್ತಗಳು ನೆಲದಲ್ಲಿಯೂ ನೀರಿನಲ್ಲಿಯೂ ನಶಿಸದೆ ಉಳಿಯುವುವಾದುದರಿಂದ, ಕ್ಯಾಲಿಫೋರ್ನಿಯ ರಾಜ್ಯವು 2025ರಿಂದಲೂ ಫ್ರಾನ್ಸ್ ದೇಶವು 2026ರಿಂದಲೂ ಉಡುಪುಗಳಲ್ಲಿ ಅವುಗಳ ಬಳಕೆಯನ್ನು ನಿಷೇಧಿಸಿವೆ. ಈಗ ಬರುತ್ತಿರುವ ಹೊಸ ಲೇಪಗಳು ನೀರನ್ನು ತಡೆಯುತ್ತವೆ, ಆದರೆ ಎಣ್ಣೆ ಜಿಡ್ಡನ್ನು ಹಿಂದಿನಷ್ಟು ತಡೆಯವು. ಮೈಯ ಜಿಡ್ಡು ಕೂಡಿದಷ್ಟೂ ಬೇಗ ಸೋಲುತ್ತವೆ. ಆದುದರಿಂದ ಜರ್ಕಿನ್ನನ್ನು ಒಗೆದರೆ ಕೆಡುತ್ತದೆಂಬ ಭಯವನ್ನು ಬಿಟ್ಟು ಆಗಾಗ ಒಗೆಯಬೇಕು. ಬಟ್ಟೆಯನ್ನು ನಯಗೊಳಿಸುವ ಕಂಡೀಷನರನ್ನು ಮಾತ್ರ ಎಂದಿಗೂ ಹಾಕಕೂಡದು. ಒಗೆದು ಒಣಗಿಸಿದ ಮೇಲೆ, ಚೀಟಿಯಲ್ಲಿ ಅನುಮತಿಯಿದ್ದರೆ, ಮಂದವಾದ ಇಸ್ತ್ರಿಯ ಕಾವನ್ನು ತೋರಿಸಿದರೆ ಲೇಪ ಮರಳಿ ಚುರುಕಾಗುತ್ತದೆ.

ಇಷ್ಟೆಲ್ಲ ವಿಚಾರದ ಬಳಿಕ ನನ್ನ ನಿರ್ಣಯವನ್ನು ಹೇಳಬೇಕಾಗಿದೆ. ಕರ್ನಾಟಕದ ಒಳಗೆ ಸೈಕಲ್ ತುಳಿಯುವವನಿಗೆ, ಅವನು ಮುಳ್ಳಯ್ಯನಗಿರಿಯನ್ನೇ ಏರಲಿ, ದಪ್ಪನೆಯ ಸಾಫ್ಟ್‌ಶೆಲ್ ಬೇಕಾಗಿಲ್ಲ. ಎದುರುಗಾಳಿಯನ್ನು ತಡೆಯುವ ತೋಳಿಲ್ಲದ ತೆಳುವಾದ ಅಂಗಿಯೊಂದು, ಬೇಕಾದಾಗ ಹಾಕಿ ತೆಗೆಯಬಹುದಾದ ತೋಳುಚೀಲಗಳೆರಡು, ಇಷ್ಟರಿಂದ ನಮ್ಮ ಚಳಿಗಾಲ ಸುಖವಾಗಿ ಕಳೆಯುತ್ತದೆ. ಘಟ್ಟದ ಮಳೆಗಾಲದಲ್ಲಿ ಯಾವ ಬಟ್ಟೆಯೂ ಚೆನ್ನಾಗಿ ಉಸಿರಾಡದಾದುದರಿಂದ, ಒದ್ದೆಯಾಗುವುದನ್ನು ಒಪ್ಪಿಕೊಂಡು ಒದ್ದೆಯಲ್ಲಿಯೂ ಬೆಚ್ಚಗಿಡುವ ಉಣ್ಣೆಯ ಒಳಂಗಿಯನ್ನು ತೊಡುವುದೇ ಜಾಣತನ. ಹಿಮಾಲಯಕ್ಕೆ ಹೋಗುವವನ ಮಾತು ಬೇರೆ. ಮನಾಲಿಯಿಂದ ಲೇಹ್‌ಗೆ ತುಳಿಯುವವನು ಸುಮಾರು 4,890 ಮೀಟರಿನ ಬಾರಾಲಾಚಾ ಲಾವನ್ನೂ 5,300 ಮೀಟರನ್ನು ಮೀರಿದ ತಂಗ್ಲಾಂಗ್ ಲಾವನ್ನೂ ದಾಟಬೇಕು. ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಹವೆ ತಣ್ಣಗಾಗುತ್ತ ಹೋಗುವ ಆ ದಾರಿಯಲ್ಲಿ, ಏರುವಾಗ ಬಿಸಿಲು ಸುಡುತ್ತದೆ, ನೆತ್ತಿಯ ಆಚೆಗೆ ಹಿಮಗಾಳಿ ಕೊರೆಯುತ್ತದೆ. ಅಂಥವನು ಪೊರೆಯಿಲ್ಲದ, ಒತ್ತುನೇಯ್ಗೆಯ, ಒಳಮೈ ತುಸುವೇ ಜೂಲಾಗಿರುವ, 300ರಿಂದ 400 ಗ್ರಾಮಿನೊಳಗಿನ ಸಾಫ್ಟ್‌ಶೆಲ್ಲನ್ನು ದಿನವಿಡೀ ಮೈಮೇಲಿರಿಸಿಕೊಂಡು, 200 ಗ್ರಾಮಿಗೆ ಮೀರದ ಮಳೆಯಂಗಿಯನ್ನು ಚೀಲದ ಬಾಯಲ್ಲಿಯೇ ಇಟ್ಟಿರಲಿ. ನೆತ್ತಿ ಮುಟ್ಟಿದೊಡನೆ, ಚಿತ್ರ ತೆಗೆಸಿಕೊಳ್ಳುವುದಕ್ಕೂ ಮೊದಲು, ಮೈಯ ಕಾವು ಇನ್ನೂ ಇರುವಾಗಲೇ, ಅದನ್ನು ಮೇಲೆ ತೊಟ್ಟು ಇಳಿಯಲಿ. ಪೊರೆಯುಳ್ಳ ದಪ್ಪ ಜರ್ಕಿನ್ನೊಂದರಿಂದಲೇ ಎಲ್ಲವನ್ನೂ ಸಾಧಿಸಬೇಕೆಂಬ ಆಸೆಯನ್ನು, ಅದಕ್ಕೆ ಎಷ್ಟು ಸಾವಿರ ಕೊಡಲು ಸಿದ್ಧನಿದ್ದರೂ, ಬಿಡುವುದು ಒಳ್ಳೆಯದು. ಅಂಥ ಜರ್ಕಿನ್ನು, ಸೊನ್ನೆಯ ಸಮೀಪದ ಚಳಿಯಲ್ಲಿ ಸಮತಟ್ಟಾದ ರಸ್ತೆಯಲ್ಲಿ ಹದವಾಗಿ ತುಳಿಯುವ ಯೂರೋಪಿನ ಸವಾರನಿಗೆ ಸಲ್ಲತಕ್ಕುದು.

ಕೊಳ್ಳಹೋಗುವ ಓದುಗರಿಗೆ ಇನ್ನೊಂದು ಮಾತು. ಚೀಟಿಯಲ್ಲಿ ಅಂಕಿಯಿಲ್ಲದಿದ್ದರೆ ಬಟ್ಟೆಯನ್ನು ತುಟಿಗೆ ಒತ್ತಿ ಹಿಡಿದು ಊದಿರಿ: ಆಚೆ ಹಿಡಿದ ಅಂಗೈಗೆ ಏನೂ ತಾಗದಿದ್ದರೆ ಒಳಗೆ ಪೊರೆಯಿದೆ, ಉಸಿರು ಸಲೀಸಾಗಿ ತಾಗಿದರೆ ಅದು ಗಾಳಿಯನ್ನು ತಡೆಯದು, ಬಲವಾಗಿ ಊದಿದಾಗ ಮಾತ್ರ ಬೆಚ್ಚಗೆ, ಮಂದವಾಗಿ ತಾಗಿದರೆ ನೀವು ಹುಡುಕುತ್ತಿರುವುದು ಅದೇ. ನಿಮ್ಮ ಹೆಲ್ಮೆಟ್ಟನ್ನೂ ತುಂಬಿದ ಬೆನ್ನುಚೀಲವನ್ನೂ ಅಂಗಡಿಗೆ ಕೊಂಡೊಯ್ದು, ಎರಡನ್ನೂ ಧರಿಸಿ, ಹ್ಯಾಂಡಲು ಹಿಡಿದಂತೆ ಬಾಗಿ ನೋಡದೆ ದಯವಿಟ್ಟು ಹಣ ಕೊಡಬೇಡಿರಿ.